ಕಾಶಿಯ ಕಿವಿಗೆ ಜಪಾನಿನ ಹರಟೆ

ಕಾಶಿಯ ಘಾಟುಗಳಿಗೆ ಜಪಾನಿ ಮಾತು ಹೊಸದಲ್ಲ. ಸಾರನಾಥದ ಮೂಲಗಂಧಕುಟಿ ವಿಹಾರದ ಗೋಡೆಗಳ ಮೇಲೆ 1930ರ ದಶಕದಲ್ಲಿ ಬುದ್ಧನ ಬದುಕನ್ನು ಚಿತ್ರಿಸಿದವರು ಕೊಸೆತ್ಸು ನೊಸು ಎಂಬ ಜಪಾನಿ ಕಲಾವಿದರು. ಶುಸಾಕು ಎಂಡೊ ಅವರ 1993ರ ‘ಫುಕಾಯ್ ಕಾವಾ’ ಕಾದಂಬರಿಯ ಪ್ರವಾಸಿಗರು ಬಂದು ಸೇರುವುದೂ ಇದೇ ಗಂಗೆಯ ದಡಕ್ಕೆ. 2014ರ ಆಗಸ್ಟ್‌ನಲ್ಲಿ ಕಾಶಿಗೂ ಕ್ಯೋಟೊಗೂ ಪಾಲುದಾರ ನಗರಗಳ ಒಪ್ಪಂದವಾಯಿತು. ಬಂದವರ ಬಾಯಿಂದಲೇ ಜಪಾನಿ ಕಲಿತ ಅಂಬಿಗರು, ರೇಷ್ಮೆ ಅಂಗಡಿಯವರು ಇಲ್ಲಿದ್ದಾರೆ. ಕೇದಾರ ಘಾಟಿನ ಸುತ್ತ ದಕ್ಷಿಣದ ಯಾತ್ರಿಕರೊಡನೆ ಅವರವರ ನುಡಿಯಲ್ಲೇ ವ್ಯವಹರಿಸುವವರು ಕಲಿತದ್ದೂ ಹೀಗೆಯೇ. ಇವರ ಕಲಿಕೆಯಲ್ಲಿ ಕಿವಿ ಮೊದಲು, ಬಾಯಿ ಆಮೇಲೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲೋ ಖಾಸಗಿ ತರಗತಿಗಳಲ್ಲೋ ಕುಳಿತು ಕಲಿಯುವವರದು ತಿರುವುಮುರುವು. ವ್ಯಾಕರಣ ಬರುತ್ತದೆ, ಕಾಂಜಿ ಲಿಪಿ ಬರುತ್ತದೆ, ಮರ್ಯಾದೆಯಿಂದ ಮಾತಾಡಲೂ ಬರುತ್ತದೆ. ಎದುರಿಗಿರುವ ಇಬ್ಬರು ಜಪಾನೀಯರು ತಮ್ಮೊಳಗೆ ಏನಾದರೂ ಹೇಳಿಕೊಂಡರೆ ಮಾತ್ರ ತಲೆಬುಡ ತಿಳಿಯುವುದಿಲ್ಲ. ಈ ಕೊರತೆ ನೀಗಿಸಲು ಇವತ್ತು ಕೈಗೆಟುಕುವ ಅತ್ಯುತ್ತಮ ದಾರಿಯೆಂದರೆ ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ಹರಟುವ ಜಪಾನಿ ಸ್ಟ್ರೀಮರ್‌ಗಳು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಷ್ಟ ಎಲ್ಲಿದೆ ಎಂಬುದನ್ನು ಮೊದಲು ಗುರುತಿಸಿಕೊಳ್ಳಬೇಕು. ಭಾಷಾವಿಜ್ಞಾನಿ ಪೆಲೆಗ್ರಿನೊ ಮತ್ತು ಸಂಗಡಿಗರು ಏಳು ಭಾಷೆಗಳ ಮಾತಿನ ವೇಗವನ್ನು ಅಳೆದು 2011ರಲ್ಲಿ ಪ್ರಕಟಿಸಿದರು. ಅದರಲ್ಲಿ ಜಪಾನಿಯೇ ಎಲ್ಲಕ್ಕಿಂತ ಮುಂದೆ: ಸೆಕೆಂಡಿಗೆ 7.84 ಉಚ್ಚಾರಾಂಶ. ಇಂಗ್ಲಿಷಿನದು 6.19. ಆದರೆ ಒಂದೊಂದು ಉಚ್ಚಾರಾಂಶವೂ ಹೊರುವ ಅರ್ಥದ ಭಾರ ಜಪಾನಿಯಲ್ಲಿ ಕಡಿಮೆ. ಹಾಗಾಗಿ ಓಡುವ ಸದ್ದನ್ನು ಕಿವಿ ಬಿಡಿಸಿಕೊಂಡರೆ ಅರ್ಧ ಕೆಲಸ ಆದಂತೆಯೇ. ಇದರಲ್ಲಿ, ಕಾಶಿಯಲ್ಲಿರಲಿ ಬೇರೆಡೆಯಿರಲಿ, ಕನ್ನಡಿಗರಿಗೆ ಹುಟ್ಟಿನಿಂದಲೇ ಬಂದ ಅನುಕೂಲವಿದೆ. ಹ್ರಸ್ವ ದೀರ್ಘಗಳೂ ಒತ್ತಕ್ಷರಗಳೂ ನಮ್ಮ ಕಿವಿಗೆ ಸಹಜ. ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೆ ಕಾಯುವುದೂ ಸಹಜ. ‘ನಿಪ್ಪೊನ್’ ಎಂಬುದನ್ನು ಜಪಾನೀಯರು ನಾಲ್ಕು ಮಾತ್ರೆಯಾಗಿ ಎಣಿಸುತ್ತಾರೆ. ನಮ್ಮ ಛಂದಸ್ಸಿನ ಲೆಕ್ಕದಲ್ಲೂ ಅದು ಎರಡು ಗುರು, ನಾಲ್ಕೇ ಮಾತ್ರೆ. ಶಾಲೆಯಲ್ಲಿ ಪ್ರಸ್ತಾರ ಹಾಕಿದ ಕನ್ನಡದ ಮಕ್ಕಳಿಗೆ ಜಪಾನಿ ಲಯ ಪರಕೀಯವಲ್ಲ. ಇಷ್ಟಿದ್ದೂ ಬೇಕಾದದ್ದು ಬಳಕೆ, ಅದೂ ರಾಶಿ ರಾಶಿ ಬಳಕೆ.

ಆ ರಾಶಿ ಸ್ಟ್ರೀಮ್‌ಗಳಲ್ಲಿದೆ. ಅನಿಮೆ ಎಂಬ ಜಪಾನಿ ಅನಿಮೇಷನ್ ಚಿತ್ರಗಳ ಮಾತು ಯಾರೋ ಬರೆದುಕೊಟ್ಟದ್ದು, ಕಲಾವಿದರು ಒಪ್ಪವಾಗಿ ಆಡಿದ್ದು. ಅದರಲ್ಲಿ ತಡವರಿಕೆ ಇರುವುದು ಬರೆದವರು ಬೇಕೆಂದಲ್ಲಿ ಮಾತ್ರ. ಸ್ಟ್ರೀಮರ್ ತಡವರಿಸುತ್ತಾರೆ, ಅರ್ಧಕ್ಕೆ ಬಿಟ್ಟ ವಾಕ್ಯವನ್ನು ಬೇರೆ ಕಡೆಯಿಂದ ಹಿಡಿಯುತ್ತಾರೆ, ‘ಎತ್ತೊ’, ‘ನಾಂಕಾ’ ಎಂದು ಹೊತ್ತು ಕಳೆಯುತ್ತಾರೆ. ಬದುಕಿನ ಮಾತು ಇರುವುದೇ ಹೀಗೆ. ‘ಜಾತ್ಸುದಾನ್’ ಎಂದು ಕರೆಯುವ ಬರೀ ಹರಟೆಯ ಪ್ರಸಾರಗಳನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಅಲ್ಲಿ ನೋಡುಗರ ಕಾಮೆಂಟನ್ನು ಮೊದಲು ಗಟ್ಟಿಯಾಗಿ ಓದಿ, ಆಮೇಲೆ ಉತ್ತರ ಹೇಳುವ ರೂಢಿಯಿದೆ. ಪ್ರಶ್ನೆ ಪರದೆಯ ಮೇಲೆ ಅಕ್ಷರವಾಗಿ ಕಾಣುತ್ತದೆ, ಕಿವಿಗೂ ಬೀಳುತ್ತದೆ. ಉತ್ತರದ ದಿಕ್ಕು ಮೊದಲೇ ಗೊತ್ತಾಗಿರುತ್ತದೆ. ಎರಡನೆಯ ಸ್ಥಾನ ಕಥೆಯುಳ್ಳ ರೋಲ್‌ಪ್ಲೇಯಿಂಗ್ ಗೇಮ್‌ಗಳಿಗೆ, ಪಾತ್ರಗಳ ಸಂಭಾಷಣೆಯನ್ನು ಆಡುವವರೇ ಓದಿ ಹೇಳುವ ಪ್ರಸಾರಗಳಿಗೆ. ಗುಂಡು ಹಾರಿಸುವ ಆಟಗಳನ್ನು ಬಿಡಬಹುದು. ಅವುಗಳಲ್ಲಿ ಕೂಗಾಟವೇ ಹೆಚ್ಚು. 2016ರಲ್ಲಿ ಕಿಜುನಾ ಆಯ್ ಎಂಬ ಅನಿಮೇಟೆಡ್ ಪಾತ್ರ ಬಂದ ಮೇಲೆ ಹಬ್ಬಿದ, ಅಂಥ ಪಾತ್ರದ ಮುಖವಿಟ್ಟು ಮಾತಾಡುವ ವಿಟ್ಯೂಬರ್‌ಗಳದು ಇನ್ನೊಂದು ಗುಣ: ಗೊಂಬೆಮುಖದ ತುಟಿ ನೋಡಿ ಏನನ್ನೂ ಊಹಿಸಲಾಗದು, ಕೆಲಸವೆಲ್ಲ ಕಿವಿಯದೇ.

ಮೊದಲ ಆಕ್ಷೇಪ, ಇಲ್ಲಿ ಕಲಿಯುವುದು ಬೀದಿಮಾತು, ಪ್ರವಾಸಿಗರನ್ನು ಸುತ್ತಾಡಿಸುವ ಗೈಡ್‌ಗೆ ಬೇಕಾದದ್ದು ‘ಕೇಗೊ’ ಎಂಬ ಗೌರವದ ಭಾಷೆ ಎಂಬುದು. ಬಾಯಿಗೆ ಸಂಬಂಧಿಸಿ ಇದು ಪೂರಾ ಸರಿ. ಸ್ಟ್ರೀಮರ್ ಆಡಿದಂತೆ ಅತಿಥಿಯೊಡನೆ ಆಡಿದರೆ ಅದು ಅಗೌರವವೇ. ಆದರೆ ದೋಣಿಯಲ್ಲಿ ಕುಳಿತ ಗಂಡ ಹೆಂಡತಿ ತಮ್ಮೊಳಗೆ ಕೇಗೊ ಆಡುವುದಿಲ್ಲ. ಚಳಿಯಾಗುತ್ತಿದೆ, ಹೊಟ್ಟೆ ಸರಿಯಿಲ್ಲ, ಇನ್ನು ಹೋಟೆಲಿಗೆ ಹೋಗೋಣ ಎಂದು ಅವರು ಹೇಳಿಕೊಳ್ಳುವುದು ಮನೆಮಾತಿನಲ್ಲಿ. ಅದು ಅರ್ಥವಾದ ಗೈಡ್ ಅವರು ಕೇಳುವ ಮೊದಲೇ ದೋಣಿ ತಿರುಗಿಸುತ್ತಾನೆ. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: ಅರ್ಥವಾಗದ್ದನ್ನು ಗಂಟೆಗಟ್ಟಲೆ ಕೇಳಿದರೆ ಕಾಲಹರಣವಷ್ಟೇ. ಇದನ್ನು ಒಪ್ಪಲೇಬೇಕು. ಮಾತು ಚೆನ್ನಾಗಿ ತಿಳಿಯಲು ಅದರ ಪದಗಳಲ್ಲಿ ಶೇ 95ರಷ್ಟಾದರೂ ಗೊತ್ತಿರಬೇಕೆಂದು ಸಂಶೋಧಕರಾದ ವಾನ್ ಜೀಲ್ಯಾಂಡ್ ಮತ್ತು ಶ್ಮಿಟ್ 2013ರಲ್ಲಿ ತೋರಿಸಿದರು. ಆದ್ದರಿಂದಲೇ ಹೊಸಬರಿಗೆ ಸ್ಟ್ರೀಮ್ ಬೇಡ. ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ ಜೆಎಲ್‌ಪಿಟಿಯ ಎನ್4 ಮಟ್ಟ ಮುಟ್ಟಿದವರಿಗೆ ಬೇಕು. ಅವರೂ ವಾಹಿನಿಯಿಂದ ವಾಹಿನಿಗೆ ಹಾರದೆ ಒಬ್ಬರನ್ನೇ ಹಿಡಿದುಕೊಳ್ಳಬೇಕು. ಒಂದೇ ದನಿ, ಒಂದೇ ವಿಷಯ, ಮತ್ತೆ ಮತ್ತೆ ಬರುವ ಪದಗಳು ಎಂಬ ಈ ಕ್ರಮವನ್ನು ಭಾಷಾವಿಜ್ಞಾನಿ ಸ್ಟೀಫನ್ ಕ್ರಾಷೆನ್ 1996ರಲ್ಲೇ ಪ್ರತಿಪಾದಿಸಿದ್ದರು. ಒಬ್ಬರ ಬೆಕ್ಕು, ಊಟ, ನಿದ್ದೆಗೇಡುಗಳ ವರ್ತಮಾನ ಪರಿಚಯವಾದಂತೆ ಆ ಶೇ 95 ತಾನೇ ಹತ್ತಿರವಾಗುತ್ತದೆ.

ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ ಒಂಬತ್ತರ ಪ್ರಸಾರ ಕಾಶಿಯಲ್ಲಿ ಸಂಜೆ ಐದೂವರೆಗೆ ಸಿಗುತ್ತದೆ. ಆದರೂ ನೇರಪ್ರಸಾರಕ್ಕಿಂತ ಅದರ ದಾಖಲೆಯೇ ಅಭ್ಯಾಸಕ್ಕೆ ಮೇಲು. ಹತ್ತು ನಿಮಿಷದ ತುಂಡನ್ನು ಸಬ್‌ಟೈಟಲ್ ಇಲ್ಲದೆ ಕೇಳಿ, ಆಮೇಲೆ ಜಪಾನಿ ಸಬ್‌ಟೈಟಲ್ ಹಾಕಿ ನೋಡಿ, ಮೂರನೆಯ ಸಲ ಮತ್ತೆ ಬರೀ ಕಿವಿಯಿಂದ ಕೇಳಿ. ಯಂತ್ರ ಬರೆದ ಸಬ್‌ಟೈಟಲ್ ತಪ್ಪುತ್ತದೆ, ಎಚ್ಚರವಿರಲಿ. ವೇಗ ಕಡಿಮೆ ಮಾಡುವ ಸೌಲಭ್ಯವನ್ನು ಮುಟ್ಟಬೇಡಿ. ಜೆಎಲ್‌ಪಿಟಿ ಪರೀಕ್ಷೆಯ 180 ಅಂಕಗಳಲ್ಲಿ 60 ಕೇಳುವಿಕೆಯದು. ಅದರಲ್ಲಿ 19 ಬಾರದಿದ್ದರೆ ಉಳಿದದ್ದರಲ್ಲಿ ಎಷ್ಟೇ ಬಂದರೂ ಫೇಲು, ಮತ್ತು ಅಲ್ಲಿ ಧ್ವನಿ ಹಾಕುವುದು ಒಂದೇ ಸಲ. ಡಿಸೆಂಬರಿಗೆ ಕೂರುವವರು ಈ ವಾರವೇ ಒಬ್ಬ ಸ್ಟ್ರೀಮರ್ ಆರಿಸಿಕೊಂಡು ಪರೀಕ್ಷೆಯ ದಿನದವರೆಗೂ ಅವರನ್ನು ಬಿಡಬೇಡಿ.