ಅಗ್ಗದ ಹಳೆಯ ಕಾರು: ಕೊಯಮತ್ತೂರಿನ ಲೆಕ್ಕ

ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಅಗ್ಗಕ್ಕೆ ಕೊಂಡು, ಬಿಡುವಾದಾಗಲೆಲ್ಲ ಬಿಚ್ಚಿ ಜೋಡಿಸಿ, ಕೊನೆಗೊಮ್ಮೆ ರಸ್ತೆಗಿಳಿಸುವ ಹವ್ಯಾಸಕ್ಕೆ ಕೊಯಮತ್ತೂರಿನಷ್ಟು ಒದಗುವ ಊರು ದಕ್ಷಿಣ ಭಾರತದಲ್ಲಿ ಕಡಿಮೆ. ಗಣಪತಿ, ಆವಾರಂಪಾಳಯಂ, ಪೀಳಮೇಡು, ಕುರಿಚ್ಚಿಯ ಸಿಡ್ಕೊ ಬಡಾವಣೆ ಎಲ್ಲೇ ಹೋದರೂ ಪಂಪ್‌ಸೆಟ್ ಫೌಂಡ್ರಿ, ಲೇತ್ ವರ್ಕ್‌ಶಾಪು, ಗ್ರೈಂಡಿಂಗ್ ಶೆಡ್ಡು ಕಣ್ಣಿಗೆ ಬೀಳುತ್ತವೆ. ಇದನ್ನು ನಂಬಿಯೇ ಇಲ್ಲಿನ ಹುಡುಗರು ಯಾವ ಕಾರನ್ನಾದರೂ ಎಬ್ಬಿಸಿ ನಿಲ್ಲಿಸಬಹುದೆಂಬ ಧೈರ್ಯದಲ್ಲಿ ಮುಂಗಡ ಕೊಟ್ಟುಬಿಡುತ್ತಾರೆ. ಆ ಧೈರ್ಯದಲ್ಲಿ ಅರ್ಧ ನಿಜವಿದೆ. ಕಾರಿನ ಕಬ್ಬಿಣಕ್ಕೆ ಅದು ಸಲ್ಲುತ್ತದೆ. ಗಾಜಿಗೆ, ರಬ್ಬರಿಗೆ, ಕಾಗದಕ್ಕೆ ಸಲ್ಲುವುದಿಲ್ಲ.

ಯುರೋಪಿನಲ್ಲೋ ಅಮೆರಿಕದಲ್ಲೋ ಸಾವಿರಗಟ್ಟಲೆ ಅಗ್ಗದ ಎರಡು ಸೀಟಿನ ಕಾರುಗಳು ಹಳೆಯ ಪೇಟೆಗೆ ಬರುತ್ತವೆ. ಭಾರತದಲ್ಲಿ ಆ ಸಾಲು ಬಹಳ ಚಿಕ್ಕದು. ಬೆಂಗಳೂರಿನ ಸ್ಯಾನ್ ಸಮೂಹಕ್ಕೆ ಸೇರಿದ ಸ್ಯಾನ್ ಮೋಟರ್ಸ್ 1990ರ ದಶಕದ ಕೊನೆಗೆ ಗೋವಾದಲ್ಲಿ ತಯಾರಿಸಿದ ಸ್ಟಾರ್ಮ್ ಒಂದೇ ಹೆಸರಿಗೆ ತಕ್ಕ ಅಗ್ಗದ ಸ್ಪೋರ್ಟ್ಸ್ ಕಾರು: ಎರಡು ಸೀಟು, ಮಡಚುವ ಮೇಲ್ಹೊದಿಕೆ, ಫೈಬರ್ ಮೈ, ಸುಮಾರು 60 ಅಶ್ವಶಕ್ತಿಯ ರೆನೋ ಎಂಜಿನ್. ಅದಕ್ಕಿಂತ ಮೊದಲು, 1980ರ ದಶಕದಲ್ಲಿ, ಬೆಂಗಳೂರಿನದೇ ಸಿಪಾನಿ ಡಾಲ್ಫಿನ್ ಬಂದಿತ್ತು. ಫೈಬರ್ ಮೈ, 848 ಸಿಸಿ ಎಂಜಿನ್, ಎರಡು ಬಾಗಿಲಿನ ಸಾಧಾರಣ ಕುಟುಂಬದ ಕಾರು. ಹಗುರವಾಗಿದ್ದುದರಿಂದ ಪಂದ್ಯಗಳಲ್ಲಿ ಹೆಸರು ಮಾಡಿತು. ಇವೆರಡನ್ನು ಬಿಟ್ಟರೆ ಪ್ರಾಜೆಕ್ಟ್ ಎಂದು ಕೊಳ್ಳುವುದೆಲ್ಲ ಚುರುಕಾಗಿ ಓಡುವ ಸೆಡಾನು, ಹ್ಯಾಚ್‌ಬ್ಯಾಕುಗಳೇ. ಮಾರುತಿ ಎಸ್ಟೀಮ್, 1999ರ ಫೋರ್ಡ್ ಐಕಾನ್ 1.6, ಅದರ ಹಿಂದೆಯೇ ಬಂದ ಹೋಂಡಾ ಸಿಟಿ ವಿಟೆಕ್, 2001ರ ಫಿಯಟ್ ಪಾಲಿಯೊ 1.6 ಈ ಪಂಕ್ತಿಯವು.

ಕೊಯಮತ್ತೂರಿನ ಆತ್ಮವಿಶ್ವಾಸಕ್ಕೆ ಹಿನ್ನೆಲೆಯಿಲ್ಲದಿಲ್ಲ. ಜಿ.ಡಿ. ನಾಯ್ಡು 1920ರಲ್ಲಿ ಒಂದು ಬಸ್ಸಿನಿಂದ ಸಾರಿಗೆ ಸಂಸ್ಥೆ ಕಟ್ಟಿ, 1937ರ ಹೊತ್ತಿಗೆ ವಿದ್ಯುತ್ ಮೋಟರಿನ ತಯಾರಿಕೆಗೆ ಕೈ ಹಾಕಿದ್ದು ಇದೇ ಊರಿನಲ್ಲಿ. ಅವರ ಕುಟುಂಬದ ಜಿಡಿ ಕಾರು ಮ್ಯೂಸಿಯಂ ಅವಿನಾಶಿ ರಸ್ತೆಯಲ್ಲಿದೆ. ಇದೇ ಊರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಯಲ್ಲಿ ಮಾರುತಿ 800ರ ಎಂಜಿನ್ ಕೂರಿಸಿ ಒಂಟಿ ಸೀಟಿನ ರೇಸ್ ಕಾರು ಕಟ್ಟಿದರು, ಅದರಿಂದ ಪಂದ್ಯಕ್ಕಿಳಿಯುವ ಖರ್ಚು ಮಧ್ಯಮವರ್ಗದ ಹುಡುಗರಿಗೂ ಎಟುಕಿತು. ಅವರು 1995ರಲ್ಲಿ ಹಗುರ ವಿಮಾನದ ಅಪಘಾತದಲ್ಲಿ ತೀರಿಕೊಂಡರು. ಚೆಟ್ಟಿಪಾಳಯಂನ 2.1 ಕಿ.ಮೀ. ಉದ್ದದ ಕರಿ ಮೋಟರ್ ಸ್ಪೀಡ್‌ವೇಗೆ ಅವರದೇ ಹೆಸರು. ಅಲ್ಲಿ ವರ್ಷವರ್ಷ ಓಡುವ ಎಲ್‌ಜಿಬಿ ಫಾರ್ಮುಲಾ 4 ಕಾರುಗಳ ಬೆನ್ನಿಗಿರುವುದು ಎಸ್ಟೀಮಿನ 1.3 ಲೀಟರ್ ಎಂಜಿನ್. ಕೊಳ್ಳುವವರು ಈ ಕೊನೆಯ ಸಂಗತಿಯನ್ನು ಮರೆಯಬಾರದು, ಏಕೆಂದರೆ ಆ ಎಂಜಿನನ್ನು ಬಿಚ್ಚಿ ಬಿಗಿದು ಕೈ ಪಳಗಿದವರು ಇದೇ ಊರಿನಲ್ಲಿದ್ದಾರೆ.

ಲೇತ್ ಎಷ್ಟು ದೂರ ಕೈ ಹಿಡಿಯುತ್ತದೆ ಎಂಬುದು ಇಲ್ಲಿ ಮುಖ್ಯ ಪ್ರಶ್ನೆ. ಸಿಲಿಂಡರ್ ಬೋರ್ ಹೊಡೆಸುವುದು, ಕ್ರ್ಯಾಂಕ್ ಗ್ರೈಂಡಿಂಗ್, ವಾಲ್ವ್ ಸೀಟು ಕೂರಿಸುವುದು, ಬಿರುಕು ಬಿಟ್ಟ ಅಲ್ಯೂಮಿನಿಯಂ ಹೆಡ್ಡಿಗೆ ಬೆಸುಗೆ, ಬುಷ್ಷು, ಪಿನ್ನು, ಬ್ರ್ಯಾಕೆಟ್ಟು: ಇವು ಪಂಪ್‌ಸೆಟ್ಟಿನ ಊರಿಗೆ ನಿತ್ಯದ ಕೆಲಸ. ಮಾದರಿ ಕೊಟ್ಟರೆ ಹೊಸದನ್ನು ತಿರುವಿ ಕೊಡುತ್ತಾರೆ. ಆದ್ದರಿಂದ ಎಂಜಿನ್ ಜಾಮ್ ಆಗಿದೆ ಎಂದು ಮಾಲೀಕ ಬೆಲೆ ಇಳಿಸಿದ್ದರೆ ಅದು ಕೊಳ್ಳುವವನಿಗೆ ಲಾಭ. ವಿಚಿತ್ರವೆಂದರೆ ಹೆಚ್ಚಿನವರು ಪರೀಕ್ಷೆಗೆ ಹೋದಾಗ ಬಾನೆಟ್ ಎತ್ತಿ ಎಂಜಿನ್ ಸದ್ದನ್ನೇ ಆಲಿಸುತ್ತಾರೆ, ಎಲ್ಲಕ್ಕಿಂತ ಸುಲಭವಾಗಿ ಸರಿಹೋಗುವುದನ್ನೇ ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡುತ್ತಾರೆ.

ಕೆಲಸ ನಿಂತುಹೋಗುವುದು ಬೇರೆ ಕಡೆ. ಮುಂದಿನ ಗಾಜು, ಬಾಗಿಲಿನ ರಬ್ಬರ್ ಬೀಡಿಂಗ್, ಹೆಡ್‌ಲೈಟಿನ ಡೂಮು, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್, ಇಲಿ ಕಡಿದ ವೈರಿಂಗ್, ಸತ್ತ ಇಸಿಯು. ಇವುಗಳಲ್ಲಿ ಒಂದನ್ನೂ ಲೇತಿಗೆ ಕಟ್ಟಿ ತಿರುವಲಾಗದು. ಸ್ಟಾರ್ಮ್ ಕಾರು ಎಡವುವುದು ಇಲ್ಲಿಯೇ. ಅದರ ಫೈಬರ್ ಮೈಯನ್ನು ರೆಸಿನ್, ಮ್ಯಾಟ್ ಹಾಕಿ ಯಾವ ಶೆಡ್ಡಿನಲ್ಲಾದರೂ ಮುಚ್ಚಬಹುದು, ತುಕ್ಕಿನ ಭಯವಿರುವುದು ಒಳಗಿನ ಚೌಕಟ್ಟಿಗೆ ಮಾತ್ರ, ಎಂಜಿನ್ ಸರಳ. ಆದರೆ ತಯಾರಾದದ್ದೇ ಕೆಲವು ಕಾರುಗಳಾದ್ದರಿಂದ ಗುಜರಿಯಲ್ಲಿ ಅದರ ಗಾಜು, ಬೀಡಿಂಗ್ ಸಿಗುವ ಮಾತಿಲ್ಲ. ಉಕ್ಕಡಂ ಕಡೆಯ ಹಳೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಎಸ್ಟೀಮಿನ, ಐಕಾನಿನ ಬಾಗಿಲು ಹುಡುಕುವವನಿಗೆ ಇರುವ ಆಸೆ ಸ್ಟಾರ್ಮ್ ಕೊಂಡವನಿಗೆ ಇಲ್ಲ. ಎಲ್ಲ ಭಾಗವೂ ಮೈಮೇಲೆಯೇ ಇದ್ದು, ಒಂದೂ ಕಳೆದಿಲ್ಲದ ಸ್ಟಾರ್ಮ್ ಆದರೆ ಕೊಳ್ಳಬಹುದು. ಬಿಡಿಬಿಡಿಯಾಗಿ ಗೋಣಿಚೀಲದಲ್ಲಿ ಬಂದರೆ ಬೇಡ. ತಿರುಪ್ಪೂರು ಹೊಲಿಗೆಯ ಊರಲ್ಲವೇ, ಮೇಲ್ಹೊದಿಕೆ ಹೊಲಿಸಿಕೊಳ್ಳಬಹುದು ಎನ್ನುವವರಿದ್ದಾರೆ. ಬನಿಯನ್ ಬಟ್ಟೆಯ ಹೊಲಿಗೆ ಬೇರೆ, ಗಾಳಿಗೆ ಬಿಗಿದು ನಿಲ್ಲಬೇಕಾದ ಕ್ಯಾನ್ವಾಸಿನ ಕತ್ತರಿಕೆ ಬೇರೆ. ಆ ಕೆಲಸಕ್ಕೆ ಸೀಟ್ ಕುಶನ್ ಮಾಡುವ ಹಳಬನೇ ಬೇಕು.

ಉಕ್ಕಿನ ಮೈಯ ಕಾರಿನಲ್ಲಿ ತುಕ್ಕಿನದೇ ಯಜಮಾನಿಕೆ. ಈ ವಿಷಯದಲ್ಲಿ ಕೊಯಮತ್ತೂರು, ತಿರುಪ್ಪೂರು ಎರಡೂ ಜಿಲ್ಲೆಗಳ ಅದೃಷ್ಟ ಚೆನ್ನಾಗಿದೆ: ಸಮುದ್ರ ದೂರ, ಪಶ್ಚಿಮ ಘಟ್ಟದ ಮಳೆನೆರಳು, ತಿರುಪ್ಪೂರು, ಧಾರಾಪುರಂ ಕಡೆ ಇನ್ನೂ ಒಣ ಹವೆ. ಇಲ್ಲೇ ಬಾಳಿದ ಕಾರಿನ ನೆಲತಟ್ಟೆ ಸಾಮಾನ್ಯವಾಗಿ ಗಟ್ಟಿಯಿರುತ್ತದೆ. ವಾಳಯಾರ್ ಗಡಿ ದಾಟಿದರೆ ಲೆಕ್ಕ ಬದಲಾಗುತ್ತದೆ. ಕೇರಳದ ಕರಾವಳಿಯಲ್ಲಿ ಇಪ್ಪತ್ತು ಮಳೆಗಾಲ ಕಂಡ ಕಾರು ಅಗ್ಗವಾಗಿಯೇ ಸಿಗುತ್ತದೆ, ಹೊಸ ಬಣ್ಣದಲ್ಲಿ ಹೊಳೆಯುತ್ತಲೂ ಇರುತ್ತದೆ. ಬಾಗಿಲಿನ ಕೆಳಪಟ್ಟಿ, ಡಿಕ್ಕಿಯ ಸ್ಟೆಪ್ನಿ ಗುಂಡಿ, ಸಸ್ಪೆನ್ಷನ್ ಕೂರುವ ಜಾಗಗಳನ್ನು ಬೆರಳಿನಿಂದ ಒತ್ತಿ, ಅಯಸ್ಕಾಂತ ಹಿಡಿದು ನೋಡಬೇಕು. ಪಟ್ಟಿಯ ಕೆಳಗೆ ಪುಟ್ಟಿ ತುಂಬಿದ್ದರೆ ಅಯಸ್ಕಾಂತ ಅಂಟುವುದಿಲ್ಲ. ಟಿಂಕರಿಂಗ್, ಪೇಂಟಿಂಗ್ ಎರಡೂ ಸೇರಿದರೆ ಕಾರು ಕೊಂಡ ಬೆಲೆಯನ್ನು ಸುಲಭವಾಗಿ ಮೀರುತ್ತವೆ.

ಕಾಗದದ ಖರ್ಚನ್ನು ಯಾರೂ ಮೊದಲೇ ಬರೆದಿಟ್ಟುಕೊಳ್ಳುವುದಿಲ್ಲ. ಖಾಸಗಿ ಕಾರಿನ ಆರ್‌ಸಿಗೆ 15 ವರ್ಷ ಆಯಸ್ಸು, ಅನಂತರ 5 ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ ನವೀಕರಿಸಬೇಕು. ಈ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಆಯಿತು. ಜೊತೆಗೆ ತಮಿಳುನಾಡಿನ ಹಸಿರು ತೆರಿಗೆ, ತಡವಾದ ತಿಂಗಳುಗಳ ದಂಡ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೊಂಡು ದಿಂಬಂ ಘಾಟಿ ಇಳಿಸಿ ತಂದ ಕಾರಿಗೆ ಎನ್‌ಒಸಿ, ತೆರಿಗೆ, ಹೊಸ ನಂಬರು ಬೇರೆ. ಇಷ್ಟನ್ನು ಕೂಡಿಸಿದರೆ ಟಿಎನ್ 37, 38, 39 ಅಥವಾ 42ರ ನಂಬರಿನ, ಕೊಂಚ ದುಬಾರಿ ಎನಿಸುವ ಸ್ಥಳೀಯ ಕಾರೇ ಕೊನೆಗೆ ಅಗ್ಗ. ವಿಂಟೇಜ್ ಎಂಬ ರಿಯಾಯಿತಿಯ ಆಸೆಯೂ ಬೇಡ: 2021ರ ನಿಯಮದ ಪ್ರಕಾರ ಅದು 50 ವರ್ಷ ಮೀರಿದ ವಾಹನಕ್ಕೆ, ಅದನ್ನೂ ದಿನನಿತ್ಯ ಓಡಿಸುವಂತಿಲ್ಲ.

ದೊಡ್ಡ ಎಂಜಿನ್ ಕೂರಿಸುವ ಹುಚ್ಚು ಈ ಹವ್ಯಾಸದ ಹಳೆಯ ರೋಗ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ, ಅದರ ಮೇಲೆ 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪು ಎರಡೂ ತಯಾರಕರು ಕೊಟ್ಟ ವಿವರ ಬದಲಾಗಕೂಡದು ಎನ್ನುತ್ತವೆ. ಎಂಜಿನ್ ಬದಲಿಸಲು ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ಚೆಟ್ಟಿಪಾಳಯಂ ಟ್ರ್ಯಾಕಿಗೆಂದೇ ಕಟ್ಟಿದ ಕಾರಿಗೆ ಈ ತೊಡಕಿಲ್ಲ, ಆದರೆ ಅದನ್ನು ಅಲ್ಲಿಗೆ ಟ್ರೇಲರಿನಲ್ಲಿ ಸಾಗಿಸಬೇಕು.

ಇಂಧನದ ಮಾತೂ ಸ್ವಲ್ಪ ಇದೆ. ಬಂಕುಗಳಲ್ಲಿ ಈಗ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್, ಸೀಲುಗಳಿಗೆ ಅದು ಒಗ್ಗುವುದಿಲ್ಲ. ಟ್ಯಾಂಕಿನಿಂದ ಎಂಜಿನ್‌ವರೆಗಿನ ರಬ್ಬರನ್ನೆಲ್ಲ ಬದಲಿಸುವ ಖರ್ಚನ್ನು ಮೊದಲ ದಿನವೇ ಸೇರಿಸಿಕೊಳ್ಳುವುದು ಲೇಸು.

ಮಾದರಿಗಳ ಪೈಕಿ ಪಾಲಿಯೊ 1.6 ಓಡಿಸಲು ಎಲ್ಲಕ್ಕಿಂತ ರುಚಿ, ಮೈ ಗಟ್ಟಿ. ಕಂಪನಿಯೇ ದೇಶದಲ್ಲಿ ಕಾರು ಮಾರುವುದನ್ನು ನಿಲ್ಲಿಸಿರುವುದರಿಂದ ಬಿಡಿಭಾಗ ವರ್ಷದಿಂದ ವರ್ಷಕ್ಕೆ ಬತ್ತುತ್ತಿದೆ. ಐಕಾನಿನದೂ ಹೆಚ್ಚುಕಡಿಮೆ ಅದೇ ಕತೆ, ಆದರೆ ಅದು ತಮಿಳುನಾಡಿನಲ್ಲೇ ತಯಾರಾಗಿ ಹೇರಳವಾಗಿ ಮಾರಾಟವಾದ್ದರಿಂದ ಗುಜರಿಯ ಸಂಗ್ರಹ ದೊಡ್ಡದು. ಎಸ್ಟೀಮ್ ನೋಡಲು ಸಪ್ಪೆ. ಅದರ ಎಂಜಿನ್ ಬಂಧು ಜಿಪ್ಸಿಯಲ್ಲಿ ಮುಂದೆಯೂ ಬಹಳ ವರ್ಷ ಬಂದದ್ದರಿಂದ ಬಿಡಿಭಾಗದ ಬರವಿಲ್ಲ, ಮೈ ಹಗುರ, ತಿಳಿದ ಮೆಕ್ಯಾನಿಕ್ಕು ಪಕ್ಕದ ಬೀದಿಯಲ್ಲೇ ಇದ್ದಾನೆ. ಮೊದಲ ಸಲ ಪ್ರಾಜೆಕ್ಟಿಗೆ ಇಳಿಯುವವರಿಗೆ ಎರಡೂ ಜಿಲ್ಲೆಗಳಲ್ಲಿ ಅದಕ್ಕಿಂತ ಒಳ್ಳೆಯ ಆಯ್ಕೆಯಿಲ್ಲ. ಎಂಜಿನ್ ಕೂತುಹೋಗಿದ್ದರೂ ಗಾಜು, ನೆಲತಟ್ಟೆ, ಆರ್‌ಸಿ ಮೂರೂ ಸರಿಯಿರುವ ಎಸ್ಟೀಮ್ ಕೊಳ್ಳಬೇಕಾದ ಕಾರು. ಈ ಮೂರರಲ್ಲಿ ಎರಡು ಇಲ್ಲದ್ದನ್ನು, ಹೆಸರು ಯಾವುದೇ ಇರಲಿ, ಪುಕ್ಕಟೆ ಕೊಟ್ಟರೂ ತರಬಾರದು.