ಸಾವಿನ ಕಾಗದಕ್ಕೆ ಸಹಿ ಯಾರದು? ‘ತಿಥಿ’, ‘ಪ್ಲ್ಯಾನ್ 75’ ಮತ್ತು ಆರೈಕೆಯ ಪ್ರಶ್ನೆ

ಚಿಯೆ ಹಯಕವಾ ಅವರ ಜಪಾನಿ ಚಿತ್ರ ‘ಪ್ಲ್ಯಾನ್ 75’ರಲ್ಲಿ (2022) ಎಪ್ಪತ್ತೈದು ಆದವರು ಸಾಯೋದಕ್ಕೆ ಒಪ್ಪಿದರೆ ಸರ್ಕಾರ ಒಂದು ಲಕ್ಷ ಯೆನ್ ಕೊಡುತ್ತೆ. ಮುಂದಿನ ಕಾಲದ ಕಥೆ ಅಂತ ನೋಡ್ತೀವಿ. ಆದರೆ ಇದೇ ವ್ಯವಹಾರ ನಮ್ಮ ಮಂಡ್ಯದ ಹಳ್ಳಿಯಲ್ಲಿ ಆಗಲೇ ನಡೆದಿದೆ, ಅದೂ ನಗಿಸ್ತಾ. ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ (2015) ತಮ್ಮಣ್ಣ ಜಮೀನು ಮಾರೋದಕ್ಕಾಗಿ, ಬದುಕಿರೋ ಅಪ್ಪ ಗಡ್ಡಪ್ಪನ ಹೆಸರಲ್ಲಿ ಮರಣ ಪ್ರಮಾಣಪತ್ರ ಮಾಡಿಸ್ತಾನೆ, ಕೈಗೆ ದುಡ್ಡು ಕೊಟ್ಟು ಊರು ಬಿಡಿಸ್ತಾನೆ. ಅಲ್ಲಿ ಸರ್ಕಾರ, ಇಲ್ಲಿ ಮಗ.

ನಾವು ಯಾಕೆ ನಗ್ತೀವಿ? ಗಡ್ಡಪ್ಪನಿಗೆ ಆಸ್ತಿಯ ಗೊಡವೆಯೇ ಇಲ್ಲ, ಕುರಿಗಾಹಿಗಳ ಜೊತೆ ಸೇರ್ಕೊಂಡು ಹಾಯಾಗಿರ್ತಾನೆ. ಮುಖ್ಯವಾಗಿ ಅವನ ಕಾಲು ಗಟ್ಟಿ ಇದೆ. ನನ್ನ ತಕರಾರು ಇಲ್ಲೇ. ಸೆಂಚುರಿ ಗೌಡನೂ ಹಾಸಿಗೆ ಹಿಡಿಯದೆ, ಓಡಾಡ್ತಿದ್ದವನು ಹಾಗೇ ಕುಸಿದು ಸಾಯ್ತಾನೆ. ಅಂದ್ರೆ ಯಾರೂ ಯಾರ ಮಲಮೂತ್ರ ಬಳಿಯೋ ಪ್ರಸಂಗವೇ ಬರಲ್ಲ. ಆರೈಕೆಯನ್ನ ಹೊರಗಿಟ್ಟಿದ್ದರಿಂದಲೇ ಆ ನಗು ಅಷ್ಟು ಹಗುರ.

ಗಡ್ಡಪ್ಪ ಮಲಗಿಬಿಟ್ಟಿದ್ದಿದ್ರೆ? ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ 1973ರ ಹಲ್ಲೆಯ ನಂತರ 2015ರಲ್ಲಿ ತೀರಿಕೊಳ್ಳುವವರೆಗೆ ಮುಂಬೈನ ಕೆಇಎಂ ಆಸ್ಪತ್ರೆಯಲ್ಲೇ ಇದ್ದರು. ಅವರ ಪರವಾಗಿ ಪಿಂಕಿ ವಿರಾನಿ ಹಾಕಿದ್ದ ಅರ್ಜಿಯನ್ನ ಸುಪ್ರೀಂ ಕೋರ್ಟ್ 2011ರಲ್ಲಿ ತಳ್ಳಿಹಾಕಿತು. ಅರುಣಾರ ನಿಜವಾದ ಆಪ್ತರು ಇಷ್ಟು ವರ್ಷ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿ ಅಂತು. (ಅದೇ ತೀರ್ಪು ನಿಷ್ಕ್ರಿಯ ದಯಾಮರಣಕ್ಕೆ ದಾರಿಯನ್ನೂ ತೆರೀತು, ವಿಚಿತ್ರ ನೋಡಿ.) ಬಳಿದವರಿಗೇ ಮಾತಿನ ಹಕ್ಕು. ಈ ಪರೀಕ್ಷೆಯಲ್ಲಿ ತಮ್ಮಣ್ಣ ಫೇಲ್.

ಜನವರಿ 2025ರ ಕರ್ನಾಟಕದ ಸುತ್ತೋಲೆ, ಸುಪ್ರೀಂ ಕೋರ್ಟಿನ ನಿರ್ದೇಶನದಂತೆ, ತಲಾ ಮೂವರು ವೈದ್ಯರ ಎರಡು ಮಂಡಳಿ ಮತ್ತು ಮನೆಯವರ ಒಪ್ಪಿಗೆ ಕೇಳುತ್ತೆ. ಚುಚ್ಚಿ ಸಾಯಿಸೋದಲ್ಲ, ಫಲ ಕೊಡದ ಚಿಕಿತ್ಸೆ ನಿಲ್ಲಿಸೋದು. ಆದರೆ ಮನೆಯವರು ಅಂದ್ರೆ ಯಾರು? ವಿಡಿಯೋ ಕಾಲಲ್ಲಿ ಅಳೋ ಮಗನೋ, ಬೆನ್ನಿನ ಹುಣ್ಣು ತೊಳೆಯೋ ಸೊಸೆಯೋ? ಕಪ್ಪು ಹಾಸ್ಯ ಬರೆಯೋರು ಆ ಸೊಸೆಯಿಂದಲೇ ಶುರು ಮಾಡಬೇಕು ಅಂತ ನನಗನ್ಸುತ್ತೆ.

ಈ ಕಥೆಯನ್ನ ಮುತ್ತಂಗದ ಕಾಡಂಚಿನ, ಕರ್ನಾಟಕದ ಗಡಿಗೆ ತಾಗಿದ ಪೊನ್ಕುಳಿಯಲ್ಲಿ ಇಟ್ಟು ನೋಡಿ. ಕೇರಳದ 2008ರ ಪ್ಯಾಲಿಯೇಟಿವ್ ಕೇರ್ ನೀತಿಯ ನಂತರ ಪಂಚಾಯಿತಿ ಕಡೆಯ ನರ್ಸ್ ಮನೆಗೇ ಬರ್ತಾರೆ. ಇಲ್ಲಿ ತಮ್ಮಣ್ಣನಿಗೆ ಮೊದಲು ಅಡ್ಡ ಬರೋದು ಕೋರ್ಟಲ್ಲ, ಬ್ಯಾಗ್ ಹಿಡ್ಕೊಂಡು ಬರೋ ಆ ನರ್ಸು. ‘ಪ್ಲ್ಯಾನ್ 75’ರಲ್ಲೂ ಅಂಥವಳೊಬ್ಬಳು ಇದ್ದಾಳೆ: ಫಿಲಿಪೈನ್ಸಿನ ಮರಿಯಾ. ಮಗಳ ಆಪರೇಷನ್‌ಗೆ ದುಡ್ಡು ಬೇಕು ಅಂತ ವೃದ್ಧರನ್ನ ನೋಡ್ಕೊಳ್ಳೋ ಕೆಲಸ ಬಿಟ್ಟು, ಸತ್ತವರ ಸಾಮಾನು ವಿಂಗಡಿಸೋ ಕೆಲಸಕ್ಕೆ ಸೇರ್ತಾಳೆ. ಸಂಬಳ ಅಲ್ಲೇ ಜಾಸ್ತಿ.