ವಿಮಾನಪತನವೂ ಬಾಲದೃಷ್ಟಿಯೂ

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯಕ್ಕೆ ಹೋದ ಕಲಾದಗಿ ಸೀಮೆಯ ಹುಡುಗರು, ರಾವಣನ ಮೇಲೆ ಜಟಾಯು ಎರಗುವ ಶಿಲ್ಪದ ಮುಂದೆ ತಡೆದು ನಿಲ್ಲುವುದುಂಟು. ಹಿರಿಯರು ಅಲ್ಲಿ ಧರ್ಮಾಧರ್ಮಗಳನ್ನು ಕಾಣುವರು; ಹುಡುಗರ ಕಣ್ಣು ಹಕ್ಕಿಯ ಮೇಲೆ. ಯುದ್ಧಕಾಲದಲ್ಲಿ ಊರ ಬಳಿ ಬಿದ್ದ ವಿಮಾನವನ್ನು ಬಾಲ್ಯಸ್ಮರಣೆಯಾಗಿ ಬರೆಯುವವರು ಈ ಭೇದವನ್ನು ಮರೆತರೆ ಬರೆಹವು ಕೆಡುವುದು. ಪ್ರಾಯಬಂದ ಮೇಲೆ ಕಲಿತ ಶೋಕವನ್ನು ಎಂಟು ವರ್ಷದ ಬಾಲಕನ ಬಾಯಲ್ಲಿ ಇಡುವುದು ಅನೌಚಿತ್ಯವೇ ಸರಿ.

ಜೆ. ಜಿ. ಬ್ಯಾಲರ್ಡನ ‘ಎಂಪೈರ್ ಆಫ್ ದಿ ಸನ್’ (1984) ಎಂಬ ಆಂಗ್ಲ ಕಾದಂಬರಿಯು ಈ ದೋಷದಿಂದ ಪಾರಾಗಿದೆ. ಶಾಂಘಾಯಿ ನಗರದ ಹೊರಗೆ ಪಾಳುಬಿದ್ದ ವಿಮಾನನಿಲ್ದಾಣದಲ್ಲಿ ಜಿಮ್ ಎಂಬ ಹುಡುಗನು ಮುರಿದುಬಿದ್ದ ಜಪಾನೀ ಯುದ್ಧವಿಮಾನವೊಂದರೊಳಗೆ ಹತ್ತಿ ಕೂಡುತ್ತಾನೆ. ಅದು ಒಬ್ಬನ ಮರಣಸ್ಥಾನವೆಂಬ ಅಳಲು ಅವನಿಗಿಲ್ಲ. ತಾನೇ ಹಾರುವೆನೆಂಬ ಹಂಬಲ. ಓದುವವರಿಗೆ ಮಾತ್ರ ಎದೆ ನಡುಗುವುದು. ಹುಡುಗನ ಹರ್ಷದಿಂದಲೇ ವಾಚಕರಲ್ಲಿ ಕರುಣವನ್ನು ಹುಟ್ಟಿಸುವುದು ಸಾಮಾನ್ಯ ಕೆಲಸವಲ್ಲ. ಬ್ಯಾಲರ್ಡನು ಸೆರೆಶಿಬಿರದಲ್ಲಿ ತಾಯಿತಂದೆಗಳೊಡನೆಯೇ ಇದ್ದವನು. ಕಾದಂಬರಿಯ ಹುಡುಗನು ಅವರಿಂದ ಅಗಲಿದವನು. ಕಾದಂಬರಿಗೆ ಈ ಸ್ವಾತಂತ್ರ್ಯ ಸಲ್ಲುವುದು. 2008ರ ಆತ್ಮಕಥೆಯಲ್ಲಿ ಅವನು ಇದ್ದುದನ್ನು ಇದ್ದಂತೆ ಹೇಳಿದನು. ಎರಡು ಪ್ರಕಾರಗಳ ಮರ್ಯಾದೆಯನ್ನು ಅರಿತವನು.

ಕನ್ನಡನಾಡಿಗೆ ಸಂಬಂಧಿಸಿದ ವಸ್ತುವೂ ಇಲ್ಲದಿಲ್ಲ. ಕೊಡಗಿನ ಅಜ್ಜಮಾಡ ಬಿ. ದೇವಯ್ಯನವರು 1965ನೆಯ ಇಸವಿ ಸಪ್ಟೆಂಬರ 7ರಂದು ಪಾಕಿಸ್ತಾನದ ಸರಗೋಧಾ ವಿಮಾನನೆಲೆಯ ಮೇಲಿನ ದಾಳಿಗೆ ಮಿಸ್ತೇರ್ ವಿಮಾನದಲ್ಲಿ ಹೋದವರು ಮರಳಲಿಲ್ಲ. ವೇಗದಲ್ಲಿ ಎಷ್ಟೋ ಮಿಗಿಲಾದ ಸ್ಟಾರ್‌ಫೈಟರ್ ವಿಮಾನವೊಂದನ್ನು ಅವರು ಕೆಡವಿದ ಸಂಗತಿಯು ಜಾನ್ ಫ್ರಿಕರನೆಂಬ ಆಂಗ್ಲ ಲೇಖಕನ 1979ರ ಗ್ರಂಥದಿಂದ ಹೊರಬಿದ್ದಿತು. ಮರಣೋತ್ತರವಾಗಿ ಮಹಾವೀರ ಚಕ್ರವು ಬಂದುದು 1988ರಲ್ಲಿ; ಇಪ್ಪತ್ತಮೂರು ವರ್ಷಗಳ ತರುವಾಯ! ಎದುರಾಳಿಯು ಪ್ಯಾರಾಶೂಟಿನಿಂದ ಇಳಿದು ಬದುಕಿದನು. ದೇವಯ್ಯನವರ ದೇಹವನ್ನು ಅಲ್ಲಿಯ ಹಳ್ಳಿಗರು ಕಂಡು ಹೊಲದಲ್ಲಿ ಮಣ್ಣುಮಾಡಿದರು.

ಈ ಪ್ರಸಂಗದ ಬರೆಹಗಳಲ್ಲಿ ವೀರರಸಕ್ಕೆ ಕೊರತೆಯಿಲ್ಲ. ಯಾರು ಯಾರನ್ನು ಹೇಗೆ ಹೊಡೆದರೆಂಬುದಕ್ಕೆ ಪುಟಗಳು ಸವೆಯುತ್ತವೆ. ಹೊಲದಲ್ಲಿ ನಡೆದುದು ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಯುದ್ಧಚರಿತ್ರಕಾರನಿಗೆ ಅಷ್ಟು ಸಾಕಾದೀತು, ಸಾಹಿತ್ಯಕ್ಕೆ ಸಾಲದು. ಪರದೇಶದ ಯೋಧನಿಗೆ ತಮ್ಮ ಉಳುವ ನೆಲದಲ್ಲಿ ಎಡೆಗೊಟ್ಟವರ ಮಾತೇ ಇಲ್ಲಿ ಮುಖ್ಯವಾದುದು. ವಾಲ್ಮೀಕಿಯು ಜಟಾಯುವಿನ ಕಾಳಗಕ್ಕೆ ಒಂದು ಸರ್ಗವನ್ನು ಕೊಟ್ಟಂತೆ, ರಾಮನು ಅವನಿಗೆ ಮಾಡಿದ ಉತ್ತರಕ್ರಿಯೆಗೂ ಒಂದು ಸರ್ಗವನ್ನು ಕೊಟ್ಟಿರುವನು. ವಿಮಾನವು ಬಿದ್ದ ಹೊಲಕ್ಕೆ ಊರ ಹುಡುಗರು ಓಡಿಬರದೆ ಇದ್ದಾರೆಯೆ? ಅಂದು ಹತ್ತು ವರ್ಷದವರಾಗಿದ್ದವರು ಈಗ ಎಪ್ಪತ್ತರ ಸುಮಾರಿನ ಮುದುಕರು. ಆ ಎರಡನೆಯ ಸರ್ಗವು ಅವರ ಬಾಯಿಂದ, ಅವರ ನುಡಿಯಲ್ಲಿ, ಬರಬೇಕಾಗಿದೆ.